ಏಳನೇ ಸಾಲಿನ ಮದ್ದು

ನಾನು ಎಂಬಾಲೆ ಪೇಟೆಯ ಡಿಪೊಗೆ ವ್ಯಾನ್ ಓಡಿಸಲು ಸೇರಿದಾಗ ಪೆರ್ಪೆತುವಾ ನಗುಡಿ ಅಲ್ಲಿ ಎಂಟು ವರ್ಷದಿಂದ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಮಾಯಿ ಅನ್ನುತ್ತಿದ್ದರು. ನಮ್ಮ ಕಡೆ ತಾಯಿಯನ್ನು ಕರೆಯುವುದು ಹಾಗೆ. ಸ್ವಂತ ಮಕ್ಕಳು ಅವರಿಗಿರಲಿಲ್ಲ. ಮೂರು ಸಲ ಬಸುರಾಗಿ ಮೂರೂ ನಿಲ್ಲಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಜಿಂಜಾ ಕಡೆ ಹೋದವನು ತಿರುಗಿ ಬರಲಿಲ್ಲ. ಇಷ್ಟನ್ನು ಅವರು ಒಂದು ಮಧ್ಯಾಹ್ನ ಬೇಯಿಸಿದ ಬಾಳೆಕಾಯಿ ತಿನ್ನುತ್ತ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿ, ಕೈ ತೊಳೆದು ಒಳಗೆ ಹೋಗಿದ್ದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಡಿಪೊದಲ್ಲಿ ಅರ್ಧ ಆಸ್ಪತ್ರೆ ಸಾಮಾನು, ಇನ್ನರ್ಧ ಹೊಲದ ಮತ್ತು ದನಕರುಗಳ ಸಾಮಾನು. ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆಗಳಿಗೆ ಸರ್ಕಾರದ ಔಷಧಿ ಬರುವುದು ತಡವಾದಾಗ ಅವರೆಲ್ಲ ಬರುತ್ತಿದ್ದುದು ನಮ್ಮಲ್ಲಿಗೆ. ಕಾಫಿ ಬೆಳೆಯುವವರೂ ನಮ್ಮಲ್ಲಿಗೇ. ಎರಡು ಸಾವಿರದ ಮುನ್ನೂರು ಬಗೆಯ ಸಾಮಾನು. ಅದರಲ್ಲಿ ಯಾವುದು ಎಲ್ಲಿದೆ ಅಂತ ಮಾಯಿಗೆ ಕಣ್ಣು ಮುಚ್ಚಿ ಗೊತ್ತಿತ್ತು. ಅದಕ್ಕಿಂತ ದೊಡ್ಡದು, ಜನ ಏನು ಕೇಳುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಾಗುತ್ತಿತ್ತು.

ಗಿರಾಕಿಗಳು ಯಾರೂ ಡಬ್ಬಿಯ ಮೇಲಿನ ಹೆಸರು ಹಿಡಿದು ಕೇಳುವವರಲ್ಲ. "ಹೋದ ಸಲ ಕೊಟ್ರಲ್ಲ, ಕಹಿ ಇರೋದು, ಅದು" ಅನ್ನುವರು. "ಎಲೆ ಅಂಚು ಹಳದಿ ಆಗ್ತಾ ಬಂದಿದೆ, ಅದಕ್ಕೆ ಹಾಕೋದು" ಅನ್ನುವರು. ನರ್ಸುಗಳಿಗೆ ಅವರವರ ಆಸ್ಪತ್ರೆಯ ತುಂಡು ಹೆಸರು. ಒಬ್ಬ ಮುದುಕ ಬಂದು ಏನೂ ಹೇಳದೆ ಪ್ಯಾಂಟು ಮೇಲೆ ಮಡಿಸಿ ಮೊಣಕಾಲಿನ ಹುಣ್ಣು ತೋರಿಸಿದ್ದ. ಮಾಯಿ ಒಳಗೆ ಹೋಗಿ ಬೇಕಾದ್ದನ್ನೇ ತಂದುಕೊಟ್ಟು, "ತೊಳೀದೆ ಹಚ್ಚಿದ್ರೆ ನನ್ನ ಬೈಬೇಡ" ಅಂದಿದ್ದರು.

ಕೊರೊನಾ ಬಂದುಹೋದ ಮಾರನೇ ವರ್ಷ ಮಾಲೀಕ ವಮಿಂಬಿ ಕಂಪಾಲಾದ ಒಂದು ಕಂಪನಿಯಿಂದ ವ್ಯಾಪಾರದ ಸಾಫ್ಟ್‌ವೇರ್ ತರಿಸಿದ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಕೈಗವಸಿನ ಪೆಟ್ಟಿಗೆಗಳು ಉಗ್ರಾಣದ ಹಿಂಬಾಗಿಲಿನಿಂದ ಮಾಯವಾಗಿದ್ದವು. ಕದ್ದವನನ್ನು ಹಿಡಿದು ಕಳಿಸಿದ್ದೂ ಆಗಿತ್ತು, ಆದರೆ ವಮಿಂಬಿಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಉಗ್ರಾಣಕ್ಕೂ ಕೌಂಟರಿಗೂ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿದ. ಅದರಲ್ಲಿ ಕೆಲಸದ ಹೊತ್ತಿನಲ್ಲಿ ಮುಚ್ಚಿಯೇ ಇರುವ ಒಂದು ಬಾಗಿಲು, ಒಂದು ಸಣ್ಣ ಕಿಂಡಿ. ಗಿರಾಕಿ ಕೌಂಟರಿನಲ್ಲಿ ಕೇಳಬೇಕು, ಗುಮಾಸ್ತ ಸಿಲಾಸ್ ವೊಬುಯಾ ಕಂಪ್ಯೂಟರಿನಲ್ಲಿ ಹುಡುಕಬೇಕು, ಸಿಕ್ಕರೆ ಚೀಟಿ ಕಿಂಡಿಯಿಂದ ಒಳಗೆ ಹೋಗಬೇಕು, ಮಾಯಿ ಚೀಟಿ ನೋಡಿ ಸಾಮಾನು ಹೊರಗೆ ಕೊಡಬೇಕು. ಮಾಯಿ ಗಿರಾಕಿಯ ಮುಖ ನೋಡುವ ಹಾಗಿಲ್ಲ.

"ಕಂಪ್ಯೂಟರ್ ಪರದೆ ಮೇಲೆ ಇದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಮಧ್ಯೆ ಯಾರ ಬಾಯೂ ಬೇಡ" ಅಂದ ವಮಿಂಬಿ.

ಸಾಮಾನಿನ ಹೆಸರುಗಳನ್ನು ಕಂಪ್ಯೂಟರಿಗೆ ತುಂಬಲು ಆ ಕಂಪನಿಯವರು ಇಬ್ಬರನ್ನು ಕಳಿಸಿದ್ದರು. ಸರಕು ಬಂದಾಗಿನ ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಅದರಲ್ಲಿದ್ದ ಹಾಗೆ ಟೈಪು ಹೊಡೆಯುತ್ತ ಹೋದರು. ಪ್ರತಿ ಸಾಮಾನಿಗೂ ಒಂದು ಹೆಸರು, ಒಂದು ವಿಭಾಗ. ಆರು ದಿನಕ್ಕೆ ಮುಗಿಸಿ ಹೊರಟುಹೋದರು. ಉಗ್ರಾಣದೊಳಗೆ ಒಮ್ಮೆಯೂ ಕಾಲಿಡಲಿಲ್ಲ.

ಮೊದಮೊದಲು ಅದು ನಗೆಪಾಟಲಿನ ವಿಷಯವಾಗಿತ್ತು. ಹೊಲಕ್ಕೆ ಹಾಕುವ ರಬ್ಬರ್ ಬೂಟು ಕೇಳಿದರೆ ಇಲ್ಲ ಅನ್ನುತ್ತಿತ್ತು ಪರದೆ. ಬೂಟು 'ರಕ್ಷಣಾ ಪರಿಕರ' ಅನ್ನುವ ವಿಭಾಗದಲ್ಲಿ 'ಪಾದರಕ್ಷೆ, ಕಪ್ಪು' ಅಂತ ಕೂತಿತ್ತು. ಈರುಳ್ಳಿ ಬೆಳೆಯುವ ಒಬ್ಬ ಹೆಂಗಸು ಸಿಲಾಸನಿಗೆ, "ನಿಮ್ಮ ಡಬ್ಬಿಗೆ ನಮ್ಮ ಮಾತು ಬರಲ್ವೇನಪ್ಪಾ?" ಅಂದಳು.

"ಅದಕ್ಕೆ ಯಾರ ಮಾತೂ ಬರಲ್ಲ ಕಣಮ್ಮ. ಒಂದಕ್ಷರ ಅತ್ತಿತ್ತ ಆದ್ರೆ ಕಿವಿನೇ ಕೇಳಲ್ಲ ಅದಕ್ಕೆ" ಅಂದ ಸಿಲಾಸ್.

ಎಲ್ಲರೂ ನಕ್ಕೆವು. ಗೋಡೆಯಾಚೆಯಿಂದ ಮಾಯಿ, "ಬೂಟು ಮೂರನೇ ಸಾಲು, ಕೆಳಗೆ" ಅಂತ ಕೂಗಿದರು. ವಮಿಂಬಿ ಅದನ್ನು ಕೇಳಿಸಿಕೊಂಡು ಕಿಂಡಿಯ ಬಳಿ ಹೋಗಿ ಮೆಲ್ಲಗೆ ಎಚ್ಚರಿಕೆ ಕೊಟ್ಟ. ಅಂದಿನಿಂದ ಮಾಯಿ ಕೂಗುವುದನ್ನು ಬಿಟ್ಟರು.

ಇದಾಗಿ ಐದು ತಿಂಗಳಿರಬಹುದು. ದೊಡ್ಡ ಮಳೆಯ ಕಾಲ. ಗುಡ್ಡದ ರಸ್ತೆಗಳು ಎರಡು ಕಡೆ ಕುಸಿದು ಕಾರು, ವ್ಯಾನು ಹತ್ತುತ್ತಿರಲಿಲ್ಲ. ಬೋಡಾ, ಅಂದರೆ ಬಾಡಿಗೆ ಮೋಟಾರ್‌ಸೈಕಲ್ಲಿನವರು ಮಾತ್ರ ಹೇಗೋ ಓಡಾಡುತ್ತಿದ್ದರು. ಒಂದು ಮಂಗಳವಾರ ಬೆಳಿಗ್ಗೆ ನಾನು ಡಿಪೊ ಮುಂದೆ ದನದ ಮೈಗೆ ಹತ್ತುವ ಉಣ್ಣಿಯ ಔಷಧಿಯ ಕ್ಯಾನುಗಳನ್ನು ವ್ಯಾನಿಗೆ ಹೇರುತ್ತಿದ್ದೆ. ಬೋಡಾವೊಂದು ಬಂದು ನಿಂತಿತು. ಹಿಂದೆ ಕೂತಿದ್ದ ಮನುಷ್ಯ ಮೊಣಕಾಲಿನವರೆಗೆ ಕೆಸರು ಬಳಿದುಕೊಂಡಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಕಾಗದ. ನೇರ ಒಳಗೆ ಹೋದ.

ಬಾಗಿಲು ತೆರೆದೇ ಇದ್ದುದರಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

ಸಿಲಾಸ್ ಕಾಗದ ಬಿಡಿಸಿ ನೋಡಿದ. ಅದರಲ್ಲಿ 'ಮೆಗ್ನೀಸಿಯಂ ಸಲ್ಫೇಟ್, ಇಂಜೆಕ್ಷನ್' ಅಂತ ಪೂರ್ತಿ ಅಕ್ಷರದಲ್ಲಿ ಬರೆದಿತ್ತು. ಹಾಗೇ ಹೊಡೆದ. ಏನೂ ಬರಲಿಲ್ಲ.

"ತಡೀರಿ, ಇನ್ನೊಂದ್ಸಲ ನೋಡ್ತೀನಿ."

ಬರೀ ಮೆಗ್ನೀಸಿಯಂ ಅಂತ ಹೊಡೆದ. ಹೊಟ್ಟೆಯುರಿಗೆ ನುಂಗುವ ಮಾತ್ರೆ ಬಂತು. ಆಮೇಲೆ ಇಂಜೆಕ್ಷನ್ ವಿಭಾಗ ತೆಗೆದು ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ನೋಡಿದ. ಅವನು ಅವಸರ ಮಾಡಲಿಲ್ಲ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

"ಇಲ್ಲ ಯಜಮಾನ್ರೇ. ನಮ್ಮಲ್ಲಿ ಇಲ್ಲ."

"ಸರಿಯಾಗಿ ನೋಡಿದ್ರಾ? ಸಿಸ್ಟರ್ ಹೇಳಿದ್ರು, ಇಲ್ಲಿ ಇದ್ದೇ ಇರತ್ತೆ ಅಂತ."

"ಮೂರು ಸಲ ನೋಡಿದೆ."

ಹೊರಗೆ ಬಂದವನು ನನ್ನ ಕಡೆ ನೋಡಿ, "ಇನ್ನೆಲ್ಲಿ ಸಿಗಬಹುದು?" ಅಂದ.

"ಯಾವುದು?"

"ಮೆಗ್ನೀಸಿಯಂ ಅಂತ ಏನೋ. ಹೆಂಡ್ತಿ ಹೆರಿಗೆಗೆ."

ಗಡಿಯಾರ ಕಂಬದ ಹತ್ತಿರದ ಎರಡು ಅಂಗಡಿ ಹೇಳಿದೆ. ಅವನು ಬೋಡಾ ಹತ್ತಿ ಹೋದ. ಹಿಂದಿನ ವಾರವಷ್ಟೇ ಆ ಮದ್ದಿನ ಪೆಟ್ಟಿಗೆಗಳನ್ನು ನಾನೇ ಕಂಪಾಲಾದಿಂದ ತಂದು ಇಳಿಸಿದ್ದೆ. ಆದರೆ ಅದನ್ನು ನಾನು ಕೇಳಿದ್ದು ನರ್ಸುಗಳ ಬಾಯಲ್ಲಿ, 'ಸೆಳವಿನ ಸೂಜಿ' ಅಂತ. ಮೆಗ್ನೀಸಿಯಂ ಅಂದರೆ ಅದೇ ಅಂತ ನನಗೆ ಗೊತ್ತಿರಲಿಲ್ಲ. ಯಾಕೆ, ಏನಾಗಿದೆ ಅವಳಿಗೆ ಅಂತ ಇನ್ನೊಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಕ್ಯಾನುಗಳು ಇನ್ನೂ ಹದಿನಾಲ್ಕು ಉಳಿದಿದ್ದವು.

ಶುಕ್ರವಾರ ಸಿಸ್ಟರ್ ನಫುನಾ ಬಂದರು. ಬುನವೋಲೆ ಅನ್ನುವ ಗುಡ್ಡದೂರಿನ ಆರೋಗ್ಯ ಕೇಂದ್ರದ ಸೂಲಗಿತ್ತಿ ನರ್ಸ್, ಮಾಯಿಯ ಹಳೆಯ ಪರಿಚಯ. ಅವರು ಕೌಂಟರಿಗೆ ಹೋಗದೆ ಕಿಂಡಿಯ ಮುಂದೆ ಬಗ್ಗಿ, "ಮಾಯಿ, ಕಷ್ಟಕಾಲದಲ್ಲಿ ನಿಮ್ಮಲ್ಲೂ ಇಲ್ಲದ ಹಾಗಾಯ್ತಲ್ಲ" ಅಂದರು.

"ಏನಿಲ್ಲ?"

"ಮ್ಯಾಗ್. ಮಂಗಳವಾರ ಮಂಗೇನಿನ ಕಳಿಸಿದ್ದೆ. ಇಲ್ಲ ಅಂದ್ರಂತೆ. ಪೇಟೆಯೆಲ್ಲ ಸುತ್ತಿ ಮೂರನೇ ಅಂಗಡೀಲಿ ತಗೊಂಡು ಬರೋ ಹೊತ್ತಿಗೆ ಅವನ ಹೆಂಡ್ತಿ ಹೋಗಿಬಿಟ್ಟಿದ್ಲು. ಬಸುರುನಂಜು. ಬೆಳಿಗ್ಗೆಯಿಂದ ನಾಲ್ಕು ಸಲ ಸೆಳೆತ ಬಂತು. ಮಗುನೂ ಒಳಗೇ ಹೋಯ್ತು."

ಮಾಯಿ ಕಿಂಡಿಗೆ ಮುಖವಿಟ್ಟರು.

"ಯಾರು ಹೇಳಿದ್ದು ಇಲ್ಲ ಅಂತ?"

ಮಾಯಿ ಒಳಬಾಗಿಲು ತೆಗೆದು ಹೊರಗೆ ಬಂದರು. ಐದು ತಿಂಗಳಲ್ಲಿ ಕೆಲಸದ ಹೊತ್ತಿನಲ್ಲಿ ಆ ಬಾಗಿಲು ತೆಗೆದದ್ದು ಅದೇ ಮೊದಲು. ಕೈಯಲ್ಲಿ ಒಂದು ಪೆಟ್ಟಿಗೆ. ಅದನ್ನು ಸಿಲಾಸನ ಮೇಜಿನ ಮೇಲಿಟ್ಟರು.

"ಏಳನೇ ಸಾಲು, ಎರಡನೇ ಹಲಗೆ. ನಲವತ್ತು ಪೆಟ್ಟಿಗೆ ಇದೆ" ಅಂದರು. ದನಿ ಏರಿಸಲಿಲ್ಲ.

ಸಿಸ್ಟರ್ ನಫುನಾ ಅಲ್ಲೇ ಇದ್ದ ಗೊಬ್ಬರದ ಮೂಟೆಯ ಮೇಲೆ ಕೂತುಬಿಟ್ಟರು. ಸಿಲಾಸ್ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹೊಡೆದ. ಬಂತು. ಹೆಸರು: 'ಮ್ಯಾಗ್. ಸಲ್ಫ್. ೫೦.' ವಿಭಾಗ: ರಸಗೊಬ್ಬರ.

ಬಿಲ್ಲಿನಲ್ಲಿ ಹಾಗೇ ತುಂಡಾಗಿ ಬರೆದಿತ್ತು. ಅದೇ ಉಪ್ಪನ್ನು ಕಾಫಿ ಎಲೆ ಹಳದಿಯಾದಾಗ ಗಿಡಕ್ಕೂ ಹಾಕುತ್ತಾರೆ. ಅದು ಮೂಟೆಯಲ್ಲಿ ಬರುತ್ತದೆ. ಬಿಲ್ಲಿನಲ್ಲಿ ಮೂಟೆಯ ಕೆಳಗಿನ ಸಾಲಿನಲ್ಲೇ ಸೂಜಿಮದ್ದೂ ಇತ್ತು. ಹೊಡೆದವನು ಎರಡನ್ನೂ ಒಂದೇ ವಿಭಾಗಕ್ಕೆ ಸೇರಿಸಿದ್ದ. ಪೂರ್ತಿ ಹೆಸರು ಬರೆದ ನರ್ಸಿನದು ತಪ್ಪಲ್ಲ, ಹೊಡೆದು ನೋಡಿದ ಸಿಲಾಸನದು ತಪ್ಪಲ್ಲ. ಮಂಗಳವಾರ ಆ ಹೊತ್ತಿಗೆ ಮಾಯಿ ಗೋಡೆಯಾಚೆ ಹತ್ತು ಹೆಜ್ಜೆ ದೂರದಲ್ಲಿ ಸಿರಿಂಜುಗಳನ್ನು ಜೋಡಿಸುತ್ತಿದ್ದರು. ಯಾರೋ ಗಂಡಸು ಮಾತಾಡುವುದು ಕೇಳಿಸಿತ್ತಂತೆ. ಮಾತು ತಿಳಿದಿರಲಿಲ್ಲ.

ವಮಿಂಬಿ ಬಂದ. ಕೇಳಿದ. ಅವನ ಮುಖವೂ ಬಿಳಚಿಕೊಂಡಿತು. ಆಮೇಲೆ, "ಇದು ಈ ನಾಲ್ಕು ಗೋಡೆ ದಾಟಬಾರದು" ಅಂದ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿ ಕೂಗಾಡಿದ. ಅವರು, ಹೆಸರು ಕೊಟ್ಟದ್ದು ನಿಮ್ಮ ಬಿಲ್ಲು ಅಂದರು. ಬಿಲ್ಲು ಕೊಟ್ಟವರು, ನಾವು ಇಪ್ಪತ್ತು ವರ್ಷದಿಂದ ಹೀಗೇ ಬರೆಯೋದು ಅಂದರು. ಸಂಜೆಯೊಳಗೆ ಆ ಒಂದು ಸಾಮಾನಿನ ಹೆಸರನ್ನೂ ವಿಭಾಗವನ್ನೂ ತಿದ್ದಿದರು. ವಮಿಂಬಿಯ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಹೊರಡುವಾಗ ಸಿಸ್ಟರ್, "ಮಂಗೇನಿಗೆ ನಾನು ಹೇಳಲ್ಲ. ಹೇಳಿ ಏನು ಬಂತು?" ಅಂದರು. ಮಾಯಿ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಾಯಿ ನನ್ನ ಮನೆಗೇ ಬಂದರು. "ಕುಟೋಸಿ, ನನ್ನ ಬುನವೋಲೆಗೆ ಕರ್ಕೊಂಡು ಹೋಗು."

"ಯಾಕೆ ಮಾಯಿ? ಬಾಸ್‌ಗೆ ಗೊತ್ತಾದ್ರೆ..."

"ಬಾಸ್‌ದು ನನಗೆ ಬಿಡು. ನೀನು ಬರ್ತೀಯೋ ಇಲ್ವೋ?"

ರಸ್ತೆ ಕುಸಿದಲ್ಲಿಯವರೆಗೆ ನನ್ನ ಭಾವನ ಮೋಟಾರ್‌ಸೈಕಲ್ಲಿನಲ್ಲಿ ಹೋಗಿ ಅಲ್ಲಿಂದ ನಡೆದೆವು. ಮಾಯಿಗೆ ಐವತ್ತೆಂಟು. ಕೆಸರಿನಲ್ಲಿ ಎರಡು ಸಲ ಬಿದ್ದರು. ದಾರಿಯಲ್ಲಿ ಎದುರಾದವರು ಯಾವ ಮನೆಯ ಸಾವಿಗೆ ಅಂತ ಕೇಳಿದರೆ ಹೆಸರು ಹೇಳುತ್ತಿದ್ದರು, ಅಷ್ಟೆ.

ಮಂಗೇನಿಯ ಅಂಗಳದಲ್ಲಿ ಮಣ್ಣಿನ ಗುಡ್ಡೆ ಇನ್ನೂ ಹಸಿಯಿತ್ತು. ತಾಯಿ, ಮಗು ಇಬ್ಬರನ್ನೂ ಒಂದೇ ಕಡೆ ಮಣ್ಣು ಮಾಡಿದ್ದರು. ಮುಂಚಿನ ಇಬ್ಬರು ಹೆಣ್ಣುಮಕ್ಕಳು ಅಜ್ಜಿಯ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದರು. ಮಂಗೇನಿ ನಮಗೆ ಬೆಂಚು ಕೊಟ್ಟು, ಸಾವಿನ ಮನೆಗೆ ಬಂದವರಿಗೆ ಕೊಡುವ ಹಾಗೆ ಚಹಾ ಕೊಟ್ಟ. ನನ್ನ ಗುರುತು ಹಿಡಿದ. "ನೀವು ಅಂಗಡಿ ಹೇಳಿದೋರು" ಅಂದ, ಉಪಕಾರ ನೆನೆದವನ ಹಾಗೆ.

ಮಾಯಿ ಲೋಟ ಕೆಳಗಿಟ್ಟರು. "ನಾನು ಆ ಡಿಪೊ ಉಗ್ರಾಣದೋಳು. ನೀವು ಬಂದ ದಿನ ಆ ಮದ್ದು ನಮ್ಮಲ್ಲಿ ಇತ್ತು. ಕಂಪ್ಯೂಟರಲ್ಲಿ ಬೇರೆ ಹೆಸರಲ್ಲಿ ಬರೆದಿದ್ರು, ಅದಕ್ಕೆ ಸಿಗಲಿಲ್ಲ. ನಾನು ಗೋಡೆ ಹಿಂದೆ ಇದ್ದೆ. ಹೇಳ್ಬೇಕು ಅನ್ನಿಸ್ತು, ಬಂದೆ."

ಮಂಗೇನಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ.

"ಎಷ್ಟಿತ್ತು?" ಅಂದ.

"ನಲವತ್ತು ಪೆಟ್ಟಿಗೆ."

"ಒಂದು ಬೇಕಿತ್ತು ನನಗೆ." ಮಣ್ಣಿನ ಗುಡ್ಡೆಯ ಕಡೆ ನೋಡಿದ. "ನೀವು ಹೇಳಬಾರದಿತ್ತಮ್ಮ. ದೇವರು ಕರ್ಕೊಂಡ ಅಂತ ಎಲ್ಲರೂ ಹೇಳಿದ್ರು, ನಾನೂ ಹಾಗೇ ಅಂದ್ಕೊಂಡು ಎರಡು ರಾತ್ರಿ ಕಣ್ಣು ಮುಚ್ಚಿದ್ದೆ. ಈಗ ಏನಂದ್ಕೊಳ್ಳಲಿ?"

ಅಜ್ಜಿಗೆ ಮಾತು ಅರ್ಥವಾಗಿತ್ತು. ಎದ್ದು ಬಂದು ಮಾಯಿಯ ಲೋಟದಲ್ಲಿ ಉಳಿದಿದ್ದ ಚಹಾವನ್ನು ಅಂಗಳಕ್ಕೆ ಚೆಲ್ಲಿ, ಲೋಟ ತೆಗೆದುಕೊಂಡು ಒಳಗೆ ಹೋದಳು. ನಾವು ಎದ್ದೆವು. ಗುಡ್ಡ ಇಳಿದೆವು. ಮೋಟಾರ್‌ಸೈಕಲ್ಲಿನ ಹತ್ತಿರ ಬಂದಮೇಲೆ ಮಾಯಿ, "ಅವನು ಹೇಳಿದ್ದು ಸರಿ. ನನ್ನ ಭಾರ ಇಳಿಸೋಕೆ ಹೋಗಿ ಅವನ ಮೇಲೆ ಹೇರಿ ಬಂದೆ" ಅಂದರು.

ಆ ವಾರವೇ ಮಾಯಿ ನೋಟ್‌ಬುಕ್ ಶುರುಮಾಡಿದರು. ಶಾಲೆ ಮಕ್ಕಳ ಉದ್ದ ಪುಸ್ತಕ. ಒಂದು ಸಾಮಾನಿಗೆ ಒಂದು ಪುಟ. ಮೇಲೆ ಕಂಪ್ಯೂಟರಿನಲ್ಲಿರುವ ಹೆಸರು. ಕೆಳಗೆ ಅದನ್ನು ಜನ ಯಾವ ಯಾವ ಹೆಸರಿನಲ್ಲಿ ಕೇಳುತ್ತಾರೋ ಅವೆಲ್ಲ: ನಮ್ಮ ಮಾತಿನ ಹೆಸರು, ಗಾಂಡಾ ಭಾಷೆಯ ಹೆಸರು, ಸ್ವಾಹಿಲಿ ಹೆಸರು, ನರ್ಸುಗಳ ತುಂಡು ಹೆಸರು, ಹಳೆಯ ಕಂಪನಿಯ ಹೆಸರು, ಜನ ತಪ್ಪಾಗಿ ಬರೆಯುವ ಬಗೆ. ಕೊನೆಗೆ ಅದು ಯಾತಕ್ಕೆ ಅನ್ನುವುದು. ಗೋಡೆಗೆ ಕಿವಿ ಕೊಟ್ಟು ಕೂತು ಕೇಳಿಸಿಕೊಂಡು ಬರೆಯುವರು. ನಾನು ಗುಡ್ಡದ ಕಡೆ ಹೋದಾಗಲೆಲ್ಲ, "ಅಲ್ಲಿ ಇದಕ್ಕೆ ಏನಂತಾರೆ ಕೇಳ್ಕೊಂಡು ಬಾ" ಅಂತ ಚೀಟಿ ಕೊಡುವರು. ಎಷ್ಟೋ ಕಡೆ ಜನ ನನ್ನನ್ನು ತಲೆಕೆಟ್ಟವನೆಂದುಕೊಂಡರು.

ಸಿಲಾಸ್ ಕೂಡ ಒಂದು ದಿನ ಕಿಂಡಿಯಲ್ಲಿ ಮುಖವಿಟ್ಟು, "ಮಾಯಿ, ನನಗೂ ಒಂದು ಪುಸ್ತಕ ಕೊಡಿ. ಇಲ್ಲಿ ಕೇಳಿದ್ದು ನಾನು ಬರೀತೀನಿ" ಅಂದ. ಆ ಮಂಗಳವಾರದ ಮೇಲೆ ಅವನು ಬಹಳ ಇಳಿದುಹೋಗಿದ್ದ. ಪರದೆ ಇಲ್ಲ ಅಂದಾಗಲೆಲ್ಲ ಎದ್ದು ಕಿಂಡಿಗೆ ಬಂದು ಕೇಳುತ್ತಿದ್ದ. ಅದು ನಿಯಮಕ್ಕೆ ವಿರುದ್ಧ, ವಮಿಂಬಿ ಕಂಡರೂ ಕಾಣದವನ ಹಾಗಿರುತ್ತಿದ್ದ.

ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ನೋಟ್‌ಬುಕ್ ತುಂಬಿದವು. ಅಷ್ಟರಲ್ಲಿ ಮಾಯಿಯ ಕಣ್ಣು ಮಂಜಾಗುತ್ತ ಬಂದಿತ್ತು. ಕಣ್ಣಿನೊಳಗಿನ ಒತ್ತಡ, ನರ ಸಾಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ ಅಂದಿದ್ದರಂತೆ ಡಾಕ್ಟರು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಕ್ಷರಗಳು ಪುಟಪುಟಕ್ಕೂ ದೊಡ್ಡದಾಗುತ್ತಿದ್ದುದನ್ನು ನೋಡಿ ನನಗೆ ಅನುಮಾನ ಬಂದು ಕೇಳಿದ್ದಕ್ಕೆ, "ಬಾಯಿ ಮುಚ್ಕೊಂಡಿರು" ಅಂದರು.

ವರ್ಷಕ್ಕೊಮ್ಮೆ ಯಂತ್ರ ನೋಡಲು ಕಂಪಾಲಾದಿಂದ ಕಿಯಿಂಬಾ ಅನ್ನುವವನು ಬರುತ್ತಿದ್ದ. ಆ ಸಾಫ್ಟ್‌ವೇರ್ ಬರೆದವರಲ್ಲಿ ಒಬ್ಬ. ಆ ಸಲ ಅವನು ಬಂದಾಗ ಮಾಯಿ ಹನ್ನೊಂದು ಪುಸ್ತಕವನ್ನೂ ಅವನ ಮುಂದೆ ತಂದಿಟ್ಟರು.

ಅವನು ಒಂದನ್ನು ತೆರೆದು ನೋಡಿ ನಕ್ಕ. "ಅಮ್ಮಾ, ಒಂದು ಸಾಮಾನಿಗೆ ಒಂದು ಹೆಸರಿಗಷ್ಟೇ ಜಾಗ ಇರೋದು ಇದರಲ್ಲಿ. ನೀವು ಇಲ್ಲಿ ಒಂದಕ್ಕೆ ಹದಿನೇಳು ಬರೆದಿದ್ದೀರಿ."

"ಜಾಗ ಮಾಡಿ."

"ಅಷ್ಟು ಸುಲಭ ಅಲ್ಲ ಅದು. ನಿಮ್ಮ ಗುಮಾಸ್ತರಿಗೆ ಸರಿಯಾದ ಹೆಸರು ಕಲಿಸಿ, ಸಾಕು."

"ಕೇಳೋರಿಗೂ ಕಲಿಸಲಾ? ಗುಡ್ಡದ ಮೇಲೆ ಇರೋ ಎಲ್ಲರಿಗೂ?"

ಕಿಯಿಂಬಾ ಹೆಗಲು ಕುಣಿಸಿದ. ಮಾಯಿ ಕುರ್ಚಿ ಎಳೆದುಕೊಂಡು ಅವನೆದುರು ಕೂತರು. "ಒಂದು ಕೇಳ್ತೀನಿ. ಏನು ಮಾರಿದ್ವಿ ಅಂತ ನಿಮ್ಮ ಯಂತ್ರ ಬರೆದಿಡತ್ತೆ. ಹುಡುಕಿ ಸಿಗದೇ ಹೋದದ್ದನ್ನ ಎಲ್ಲಿ ಬರೆದಿಡತ್ತೆ?"

ಅವನು ತಡೆದ. "ಬರೆದಿಡತ್ತೆ, ಒಳಗೆಲ್ಲೋ. ಯಾರೂ ನೋಡಲ್ಲ ಅದನ್ನ."

"ತೆಗೀರಿ."

ಅರ್ಧ ಗಂಟೆ ಹಿಡಿಯಿತು. ಪರದೆಯ ಮೇಲೆ ಉದ್ದಕ್ಕೆ ಸಾಲು ಬಂತು: ದಿನ, ಹೊತ್ತು, ಹೊಡೆದ ಮಾತು, ಸಿಕ್ಕಿದ್ದು ಎಷ್ಟು. ಸೊನ್ನೆ ಸಿಕ್ಕ ಹುಡುಕಾಟಗಳೇ ಸಾವಿರದ ನೂರಕ್ಕೂ ಮಿಗಿಲು. ಮಾಯಿಗೆ ಓದಲಾಗುತ್ತಿರಲಿಲ್ಲ. ಸಿಲಾಸ್ ಒಂದೊಂದನ್ನೇ ಗಟ್ಟಿಯಾಗಿ ಓದಿದ. ಮಾಯಿ ಒಂದೊಂದಕ್ಕೂ, "ಇತ್ತು, ನಾಲ್ಕನೇ ಸಾಲು", "ಇರಲಿಲ್ಲ", "ಇತ್ತು, ಫ್ರಿಜ್ಜಲ್ಲಿ", "ಇತ್ತು" ಅನ್ನುತ್ತ ಹೋದರು. ಕಿಯಿಂಬಾ ಗೆರೆ ಹಾಕಿಕೊಳ್ಳತೊಡಗಿದ. ಮೊದಮೊದಲು ಆರಾಮಾಗಿ ಒರಗಿ ಕೂತಿದ್ದವನು ಮುಂದೆ ಬಾಗಿದ.

ಸಿಲಾಸನ ದನಿ ಒಂದು ಕಡೆ ನಿಂತಿತು.

"ಓದಪ್ಪ" ಅಂದರು ಮಾಯಿ.

"ಮಂಗಳವಾರ. ಹತ್ತು ನಲವತ್ತೆರಡು. ಮೆಗ್ನೀಸಿಯಂ ಸಲ್ಫೇಟ್, ಇಂಜೆಕ್ಷನ್. ಸೊನ್ನೆ." ಸಿಲಾಸ್ ಎದ್ದು ಹೊರಗೆ ಹೋದ. ವ್ಯಾನಿನ ಹಿಂದೆ ನಿಂತು ಅತ್ತ. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಒಳಗೆ ಮಾಯಿ ಕಿಯಿಂಬಾನಿಗೆ ಆ ಸಾಲಿನ ಕಥೆ ಹೇಳಿದರು. ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವನ ಕಂಪನಿಯಲ್ಲಿ ಅದು 'ಹೆಸರು ತಿದ್ದುಪಡಿ, ಒಂದು' ಅಂತ ದಾಖಲಾಗಿ ಮುಗಿದಿತ್ತಂತೆ. ಸಂಜೆ ಬಸ್ಸಿಗೆ ಹೋಗಬೇಕಾಗಿದ್ದವನು ಹೋಗಲಿಲ್ಲ. ಉಳಿದುಕೊಂಡ. ಹೋಗುವಾಗ ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದ.

ಏಳು ವಾರ ಕಳೆದು ಹೊಸದನ್ನು ಹಾಕಿದ. ಒಂದು ಸಾಮಾನಿಗೆ ಎಷ್ಟು ಹೆಸರು ಬೇಕಾದರೂ ಇರಬಹುದು. ಒಂದೇ ಸಾಮಾನು ಎರಡು ಮೂರು ವಿಭಾಗದಲ್ಲಿ ಕಾಣಬಹುದು. ಅಕ್ಷರ ತಪ್ಪಿದರೆ, ಹತ್ತಿರದ್ದನ್ನು ತೋರಿಸಿ 'ಇದೇನಾ?' ಅಂತ ಕೇಳುತ್ತದೆ. 'ಸೆಳವು' ಅಂತ ಹೊಡೆದರೂ ಆ ಸೂಜಿ ಬರುತ್ತದೆ. ಏನೂ ಸಿಗದಿದ್ದರೆ ಇಲ್ಲ ಅನ್ನುವುದಿಲ್ಲ, 'ಉಗ್ರಾಣದಲ್ಲಿ ಕೇಳಿ' ಅನ್ನುತ್ತದೆ. ಸಿಗದ ಹುಡುಕಾಟಗಳ ಪಟ್ಟಿ ದಿನಾ ಸಂಜೆ ತಾನಾಗಿ ಮುಂದೆ ಬರುತ್ತದೆ. ಒಬ್ಬರು ಅದನ್ನು ಓದಿ ಸಹಿ ಹಾಕಲೇಬೇಕು.

ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿ ಅಂದರೆ, ಸಿಲಾಸ್ ಕಿಂಡಿಗೆ ಬರುವುದೇ ನಿಂತಿತು. ಸೋರೊಟಿ ಪೇಟೆಯ ಬೇರೆ ಡಿಪೊಗಳಿಗೂ ಅದೇ ಹೋಯಿತು, ಮಾಯಿಯ ಹೆಸರುಗಳ ಸಮೇತ.

ಮೂರು ತಿಂಗಳಿಗೆ ವಮಿಂಬಿ ಮಾಯಿಯನ್ನು ಕರೆದ. ಅವರು ಚೀಟಿ ಓದಲಾಗದೆ ಎರಡು ಸಲ ಬೇರೆ ಸಾಮಾನು ಕೊಟ್ಟಿದ್ದರು. ಒಂದು ಸಲ ಕೊಟ್ಟದ್ದು ದನದ ಸೂಜಿಮದ್ದು. ಸಿಲಾಸ್ ನೋಡಿದ್ದರಿಂದ ಹೊರಗೆ ಹೋಗಲಿಲ್ಲ.

"ಮಾಯಿ, ನಿಮ್ಮ ಕಣ್ಣು ಹೋಗಿದೆ. ನನಗೆ ಗೊತ್ತು."

"ಹೌದು."

"ಮುಂಚೆ ಆಗಿದ್ರೆ ನಿಮ್ಮನ್ನ ಕಳ್ಕೊಂಡು ಈ ಅಂಗಡಿ ನಡೆಸೋಕೆ ಆಗ್ತಿರ್ಲಿಲ್ಲ. ಈಗ ಎಲ್ಲಾ ಅದರೊಳಗೆ ಇದೆ." ಕಂಪ್ಯೂಟರಿನ ಕಡೆ ಗದ್ದ ಎತ್ತಿ ತೋರಿಸಿದ. ಅವನು ಕಟುಕನಲ್ಲ. ಆ ಮಾತು ಹೇಗೆ ಕೇಳಿಸುತ್ತದೆಂದು ಅವನಿಗೆ ಹೊಳೆಯಲಿಲ್ಲ, ಅಷ್ಟೆ.

"ನನಗೂ ಅದೇ ಬೇಕಿತ್ತು" ಅಂದರು ಮಾಯಿ. ಆ ವಾರದ ಕೊನೆಗೆ ಬಿಟ್ಟರು. ವ್ಯಾನಿನಲ್ಲಿ ನಾನೇ ಅವರನ್ನು ವನಾಲೆ ಬೆಟ್ಟದ ಬುಡದಲ್ಲಿರುವ ತಂಗಿಯ ಮನೆಗೆ ಬಿಟ್ಟುಬಂದೆ. ಒಂದು ಟ್ರಂಕು, ಎರಡು ಪಾತ್ರೆ. ಮನೆ ಹತ್ತಿರ ಇಳಿಯುವಾಗ ಮೆಟ್ಟಿಲು ಎಲ್ಲಿದೆ ಅಂತ ಕಾಲಿನಲ್ಲಿ ತಡವುತ್ತಿದ್ದರು. ಉಗ್ರಾಣದಲ್ಲಿ ಅವರು ಒಮ್ಮೆಯೂ ಎಡವಿದ್ದನ್ನು ನಾನು ಕಂಡಿರಲಿಲ್ಲ.

ವರ್ಷದೊಳಗೆ ಪೂರ್ತಿ ಕತ್ತಲೆಯಾಯಿತು. ನಾನು ಆ ಕಡೆ ಸರಕು ಒಯ್ದಾಗಲೆಲ್ಲ ಹೋಗಿ ಕೂರುತ್ತಿದ್ದೆ. ಡಿಪೊ ಸುದ್ದಿ ಅವರಾಗಿ ಕೇಳುತ್ತಿರಲಿಲ್ಲ. ಒಂದು ಸಲ, ಸಂತೋಷವಾಗಲಿ ಅಂತ ನಾನೇ ಹೇಳಿದೆ. "ಹೋದ ತಿಂಗಳು ಮೇಲಿಂದ ಒಬ್ಬ ಬೋಡಾದಲ್ಲಿ ಬಂದಿದ್ದ ಮಾಯಿ. ಕಾಗದ ಮಳೇಲಿ ನೆಂದು ಅಕ್ಷರ ಅಳಿಸಿತ್ತು. 'ಹೆರೋರಿಗೆ ಸೆಳೆತ ಬಂದ್ರೆ ಕೊಡೋದು' ಅಂದ, ಅಷ್ಟೆ. ಸಿಲಾಸ್ ಅದನ್ನೇ ಹೊಡೆದ. ಒಂದು ನಿಮಿಷ ಆಗ್ಲಿಲ್ಲ, ತಗೊಂಡು ಹೋದ."

ಮಾಯಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಅವಳು ಉಳಿದಳಾ?"

"ಗೊತ್ತಿಲ್ಲ. ತಗೊಂಡು ಹೋದ ಮೇಲೆ ಯಾರು ಬಂದು ಹೇಳ್ತಾರೆ?"

"ಕೇಳ್ಕೊಂಡು ಬಾ."

ಯಾವ ಊರೆಂದು ಬಿಲ್ಲಿನಲ್ಲಿತ್ತು. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಆ ಆಸ್ಪತ್ರೆಯ ಮುಂದೆ ನಿಲ್ಲಿಸಿ ವಿಚಾರಿಸಿದೆ. ತಾಯಿ ಉಳಿದಿದ್ದಳು. ಮಗು ಎರಡು ದಿನ ಇದ್ದು ಹೋಗಿತ್ತು.

ಹಾಗೇ ಹೇಳಿದೆ ಮಾಯಿಗೆ. ಸುಳ್ಳು ಹೇಳೋಣ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ, ಅವರ ಎದುರಿಗೆ ಕೂತಾಗ ಬಾಯಿ ಬರಲಿಲ್ಲ. ಅವರು ಹೂಂಗುಟ್ಟಿದರು. "ಎರಡು ದಿನ ಎತ್ತಿಕೊಂಡಿದ್ದಳಲ್ಲ" ಅಂದರು. ಯಾರಿಗೆ ಹೇಳಿದರೋ. ಆಮೇಲೆ ತಂಗಿಯನ್ನು ಕೂಗಿ, "ಕುಟೋಸಿಗೆ ಊಟ ಹಾಕು. ಮಳೆ ಬರೋ ಮುಂಚೆ ಅವನು ಊರು ಸೇರ್ಬೇಕು" ಅಂದರು.

ಅದೇ ಕೊನೆ. ಮುಂದಿನ ಸಲ ನಾನು ಹೋಗುವ ಹೊತ್ತಿಗೆ, ಜ್ವರ ಬಂದು ನಾಲ್ಕು ದಿನಕ್ಕೆ ಹೋಗಿಬಿಟ್ಟಿದ್ದರು. ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಡಿಪೊಗೆ ತಿಳಿಸಲು ತಂಗಿಯ ಹತ್ತಿರ ನಂಬರು ಇರಲಿಲ್ಲ. ಸಿಲಾಸನಿಗೆ ನಾನು ಬಂದು ಹೇಳಿದೆ. ಅವನು ಕೌಂಟರಿನ ಮುಂದಿದ್ದ ಗಿರಾಕಿಗೆ ಸ್ವಲ್ಪ ತಡೀರಿ ಅಂದು, ಪ್ಲೈವುಡ್ ಬಾಗಿಲು ತೆಗೆದು ಉಗ್ರಾಣದೊಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ.